ಎಷ್ಟಕ್ಕ ತಂದ್ರಿ ಅನ್ನುವವರಿಗೆ

ಮಾನ್ಯ ಸಂಪಾದಕರೇ,

ನನ್ನ ಮುಧೋಳ ನಾಯಿಯ ಹೆಸರು ಚಿಗರಿ. ಹುಬ್ಬಳ್ಳಿ–ಧಾರವಾಡದ ನಡುವಿನ ಬಸ್ಸಿಗೂ ಅದೇ ಹೆಸರು. ಜುಬಿಲಿ ಸರ್ಕಲ್ ಬಳಿ ನಾನು ‘ಚಿಗರಿ, ನಿಲ್ಲ’ ಅಂದರೆ ಜನ ಮೊದಲು ರಸ್ತೆ ನೋಡುತ್ತಾರೆ, ಆಮೇಲೆ ನಾಯಿಯನ್ನು.

ನೋಡಿದ ಮೇಲೆ ಸುಮ್ಮನೆ ಹೋಗುವವರು ಕಡಿಮೆ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ‘ಬಾಯಾರ, ಇದಕ್ಕ ಊಟಾ ಹಾಕೂದಿಲ್ಲೇನ್ರಿ?’ ಎಂದು ಹೂ ಮಾರುವ ಅಜ್ಜಿ ನನ್ನನ್ನೇ ಬೈದಿದ್ದಾಳೆ. ಬೈಗುಳ ಪರವಾಗಿಲ್ಲ. ಬೈಕ್ ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ, ‘ಎಷ್ಟಕ್ಕ ತಂದ್ರಿ? ನಂಬರ್ ಕೊಡ್ರಿ’ ಅನ್ನುವವರದೇ ನನಗೆ ಚಿಂತೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಈ ತಳಿಯನ್ನು ಹೊಗಳಿದ ಮೇಲೆ ಇಂಥವರು ಹೆಚ್ಚಾದರು.

ನಾನೂ ಒಮ್ಮೆ ಹಾಗೆಯೇ ಕೇಳಿದವಳು. ನಿವೃತ್ತಿಯಾದ ವರ್ಷ, ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ, ಬಸ್ ನಿಲ್ದಾಣದ ಹೊರಗೆ ಒಬ್ಬನ ಕೈಯಿಂದ ಆರು ಸಾವಿರಕ್ಕೆ ಮರಿ ತಂದೆ. ಹಣ್ಣಿನ ಬಾಕ್ಸಿನಲ್ಲಿತ್ತು. ‘ಎರಡು ತಿಂಗಳಾಗೇದರಿ, ಸೂಜಿ ಎಲ್ಲಾ ಹಾಕಿಸೇವಿ’ ಅಂದ. ಹಲ್ಲು ನೋಡಿದ ವೈದ್ಯರು ಐದು ವಾರವೂ ಆಗಿರಲಿಕ್ಕಿಲ್ಲ ಅಂದರು. ಆರನೇ ದಿನ ರಕ್ತಭೇದಿ ಶುರುವಾಯಿತು, ಪಾರ್ವೊ ಎಂಬ ವೈರಸ್ ರೋಗ. ಎರಡು ದಿನ ಸಲೈನ್ ಹಾಕಿಸಿದರೂ ಉಳಿಯಲಿಲ್ಲ. ಮೂವತ್ತೊಂದು ವರ್ಷ ಗಣಿತ ಕಲಿಸಿದವಳಿಗೆ ತಿಂಗಳು ಎಣಿಸಲು ಬರಲಿಲ್ಲ. ಆ ಮನುಷ್ಯನ ಫೋನ್ ಆಮೇಲೆ ಹತ್ತಲೇ ಇಲ್ಲ.

ನಾಯಿ ಸಾಕಿ ಮಾರುವವರಿಗೆ 2017ರಿಂದ ಕೇಂದ್ರದ ನಿಯಮಗಳಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಒಂದು ಹೆಣ್ಣುನಾಯಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ. ನನಗೆ ಇದು ಗೊತ್ತಾಗಿದ್ದು ಮರಿಯನ್ನು ಮಣ್ಣು ಮಾಡಿದ ಮೇಲೆ.

ಚಿಗರಿಯನ್ನು ತರುವಾಗ ಮುಧೋಳ ತಾಲ್ಲೂಕಿನ ಹಳ್ಳಿಗೆ ಎರಡು ಸಲ ಹೋದೆ. ಮೊದಲ ಸಲ ಮರಿ ಮುಟ್ಟಲೂ ಇಲ್ಲ, ತಾಯಿಯನ್ನು ನೋಡಿ ಬಂದೆ. ಹೊರಸಿನ ಕೆಳಗೆ ಮಲಗಿತ್ತು. ಮೈ ನುಣುಪಾಗಿತ್ತು, ಹೊಸಬಳನ್ನು ಕಂಡು ಎದ್ದು ದೂರ ನಿಂತಿತು, ಹಲ್ಲು ಕಿಸಿಯಲಿಲ್ಲ. ಯಜಮಾನರು ನನ್ನನ್ನೇ ಪರೀಕ್ಷೆ ಮಾಡಿದರು: ‘ಮನಿ ಮುಂದ ಜಾಗಾ ಐತೇನ್ರಿ? ದಿನಾ ಯಾರು ಓಡಸ್ತಾರ?’ ಮಾರುವವನು ನಿಮ್ಮನ್ನು ಹೀಗೆ ಕೇಳದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ, ಅಲ್ಲಿ ವಿಚಾರಿಸಬಹುದು.

ಇದು ವಾಸನೆ ಹಿಡಿದಲ್ಲ, ಕಣ್ಣಿಗೆ ಕಂಡದ್ದನ್ನು ಅಟ್ಟಿ ಬೇಟೆಯಾಡುವ ನಾಯಿ. ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಕ್ಕೊಂದು ಕಂಡರೆ ನನ್ನ ಭುಜದ ಕೀಲು ಕಿತ್ತು ಬರುತ್ತದೆ. ಬೆಳಿಗ್ಗೆ ಸಂಜೆ ಸುತ್ತಾಡಿಸಿದರೆ ಉಳಿದ ಹೊತ್ತು ನನ್ನ ಚಾಪೆಯ ಮೇಲೆ ಹೆಣದ ಹಾಗೆ ನಿದ್ದೆ. ಒಂದು ದಿನ ತಪ್ಪಿಸಿದರೆ ಚಪ್ಪಲಿ ಉಳಿಯುವುದಿಲ್ಲ. ನಮ್ಮ ಓಣಿಯ ಒಂದು ಮನೆಯ ಮಾಳಿಗೆ ಮೇಲೆ ಇದೇ ತಳಿಯದೊಂದನ್ನು ಸರಪಳಿ ಹಾಕಿ ಕಟ್ಟಿದ್ದರು. ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕೊಟ್ಟ ಉಡುಗೊರೆ. ಮಗ ಪಿಯುಸಿಗೆಂದು ಹಾಸ್ಟೆಲಿಗೆ ಹೋದ, ನಾಯಿ ರಾತ್ರಿಯಿಡೀ ಊಳಿಟ್ಟಿತು. ಒಂದು ದಿನ ದನಿ ನಿಂತಿತು. ಎಲ್ಲಿಗೆ ಬಿಟ್ಟು ಬಂದರೋ, ಕೇಳಿದರೆ ಹೇಳಲಿಲ್ಲ.

‘ಯಾವಾಗ ಮರಿ ಹಾಕಸ್ತೀರಿ, ನನಗೊಂದು ಇಡ್ರಿ’ ಅನ್ನುವವರಿಗೂ ಇಲ್ಲೇ ಉತ್ತರ: ಚಿಗರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ.

ಈಗ ನಿಮ್ಮಲ್ಲೊಂದು ವಿನಂತಿ. ನಿಮ್ಮ ಪತ್ರಿಕೆಯ ಕಿರು ಜಾಹೀರಾತುಗಳಲ್ಲಿ ‘ಮುಧೋಳ ಮರಿಗಳು ಮಾರಾಟಕ್ಕಿವೆ’ ಎಂಬ ಸಾಲು, ಕೆಳಗೆ ಬರೀ ಮೊಬೈಲ್ ನಂಬರ್ ಇರುತ್ತದೆ. ಹಣ ಪಡೆದು ಅಚ್ಚು ಹಾಕುವ ಮುನ್ನ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಸಂಖ್ಯೆಯನ್ನೂ ಕೇಳಿ, ಅದನ್ನೂ ಅಚ್ಚು ಹಾಕಿ. ಇನ್ನೊಂದು ಸಾಲಿನ ದುಡ್ಡು ಹೆಚ್ಚೇ ಬರುತ್ತದೆ ನಿಮಗೆ.

— ನಿವೃತ್ತ ಗಣಿತ ಶಿಕ್ಷಕಿ, ಸಪ್ತಾಪುರ, ಧಾರವಾಡ