ಕೋಡಿಯಿಲ್ಲದ ತೊಟ್ಟಿ: ಹವಳದ ಅಕ್ವೇರಿಯಂನ ಓವರ್‌ಫ್ಲೋ ಕುರಿತು ದೂರು

ಇವರಿಗೆ,
ಮಾಲೀಕರು,
ಅಕ್ವೇರಿಯಂ ತಯಾರಿಕೆ ಮತ್ತು ಮಾರಾಟ ಮಳಿಗೆ,
ಬೆಂಗಳೂರು

ವಿಷಯ: ಬರೆದುಕೊಟ್ಟಂತೆ ಮೂರು ಪೈಪಿನ ಓವರ್‌ಫ್ಲೋ ಅಳವಡಿಸದೆ, ಬೇರೆ ಸಾಧನ ನೇತುಹಾಕಿ ಕೊಟ್ಟದ್ದರಿಂದ ಆದ ನಷ್ಟದ ಬಗ್ಗೆ.

ಮಾನ್ಯರೇ,

ಕಳೆದ ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ನನ್ನ ಮನೆಯ ಕರೆಗಂಟೆ ಬಾರಿಸಿದವರು ಕೆಳಮನೆಯವರು. ಕೈಯಲ್ಲೊಂದು ಪಾತ್ರೆ, ಅದರ ತಳದಲ್ಲಿ ಎರಡು ಲೋಟದಷ್ಟು ನೀರು. "ಇದು ನಿಮ್ಮದೇ ಇರಬೇಕು ಸಾರ್, ಉಪ್ಪಾಗಿದೆ" ಎಂದರು. ರುಚಿ ನೋಡಿಯೇ ಮೆಟ್ಟಿಲು ಹತ್ತಿ ಬಂದಿದ್ದರು. ಅವರ ನಡುಮನೆಯ ದೀಪದ ಹೋಲ್ಡರ್ ಪಕ್ಕದಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಹೊತ್ತಿಗೆ ನನ್ನ ಮನೆಯ ನೆಲದ ಮೇಲೆ ಸುಮಾರು ಮೂರು ಕೊಡ ಸಮುದ್ರದ ನೀರು ಹರಿದಿತ್ತು.

ಈ ಪತ್ರದ ಒಂದು ಪ್ರತಿಯನ್ನು ಕೆಳಮನೆಯವರಿಗೆ, ಇನ್ನೊಂದನ್ನು ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಕೊಡಬೇಕಿದೆ. ಅವರಿಗೂ ಅರ್ಥವಾಗಲಿ ಎಂದು ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿತ್ತೇ ಎಂಬ ಅನುಮಾನವೂ ಇತ್ತೀಚೆಗೆ ಶುರುವಾಗಿದೆ ಎನ್ನುವುದು ಬೇರೆ ಮಾತು.

ಹವಳದ ತೊಟ್ಟಿಯ ಕೆಳಗಿನ ಕ್ಯಾಬಿನೆಟ್‌ನಲ್ಲಿ ಇನ್ನೊಂದು ಗಾಜಿನ ಪೆಟ್ಟಿಗೆ ಇರುತ್ತದೆ. ಅದಕ್ಕೂ ಸಂಪ್ ಎಂದೇ ಹೆಸರು, ಮನೆ ಮುಂದಿನ ನೆಲದೊಳಗಿನ ಸಂಪ್ ಎಂದು ಯಾರೂ ತಿಳಿಯಬಾರದು. ಮೇಲಿನ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಸಂಪ್‌ನಲ್ಲಿ ಶುದ್ಧವಾಗಿ, ಪಂಪ್ ಮೂಲಕ ಮತ್ತೆ ಮೇಲೇರಬೇಕು. ನೀರಿನ ಮೇಲ್ಮೈಯಲ್ಲಿ ಕಟ್ಟುವ ಜಿಡ್ಡಿನ ಪೊರೆ ಮೊದಲು ಹೋಗಬೇಕಾದ್ದರಿಂದ ನೀರನ್ನು ಮೇಲಂಚಿನಿಂದಲೇ ಇಳಿಸುತ್ತಾರೆ. ಆ ಇಳಿಯುವ ಜಾಗವೇ ಓವರ್‌ಫ್ಲೋ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕೋಡಿ. ಸಣ್ಣ ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆರೆ ಏರಿಗಳ ಮೇಲೆ ಓಡಾಡಿ ನಿವೃತ್ತನಾದವನು ನಾನು. ಕೋಡಿಯಿಲ್ಲದೆ ಏರಿ ಕಟ್ಟುವವರನ್ನು ನಾನು ಕಂಡಿರಲಿಲ್ಲ, ನಿಮ್ಮನ್ನು ಭೇಟಿಯಾಗುವವರೆಗೆ.

ಕಳೆದ ಆಗಸ್ಟ್‌ನಲ್ಲಿ ತೊಟ್ಟಿ ಕಟ್ಟಿಸುವ ಮೊದಲು ಮೂರು ಸಲ ನಿಮ್ಮ ಮಳಿಗೆಗೆ ಬಂದಿದ್ದೆ. ಎರಡನೆಯ ಸಲ ನಿಮ್ಮ ಮೇಜಿನ ಮೇಲೆ ನಿಮ್ಮದೇ ರಶೀದಿ ಪುಸ್ತಕದ ಹಿಂಬದಿಯಲ್ಲಿ ಓವರ್‌ಫ್ಲೋದ ಮೂರು ಮಾದರಿಗಳ ಚಿತ್ರ ಬರೆದು ತೋರಿಸಿದ್ದೆ. ಡರ್ಸೊ ಮಾದರಿಯಲ್ಲಿ ಒಂದೇ ಪೈಪ್. ನೀರಿನ ಜೊತೆ ಗಾಳಿಯೂ ಒಳಗಿಳಿಯುವುದರಿಂದ ಗುಳುಗುಳು ಸದ್ದು, ಆ ಒಂದು ಪೈಪಿಗೆ ಬಸವನಹುಳು ಸಿಕ್ಕಿಕೊಂಡರೆ ಬೇರೆ ದಾರಿ ಇಲ್ಲ. ಹರ್ಬಿ ಮಾದರಿಯಲ್ಲಿ ಎರಡು ಪೈಪ್: ಒಂದರ ಬುಡದಲ್ಲಿ ಗೇಟ್ ವಾಲ್ವ್, ಅದನ್ನು ಹದವಾಗಿ ತಿರುಗಿಸಿ ಪೈಪಿನ ತುಂಬ ನೀರೇ ಇರುವಂತೆ, ಗಾಳಿ ಸೇರದಂತೆ ನಿಲ್ಲಿಸಿದರೆ ಸದ್ದೇ ಇರುವುದಿಲ್ಲ. ಇನ್ನೊಂದು ತುರ್ತಿಗೆ. ಬೀನ್ ಅನಿಮಲ್ ಮಾದರಿಯಲ್ಲಿ ಮೂರು. ಮೊದಲನೆಯದು ಸೈಫನ್, ಅಂದರೆ ಗಾಳಿ ಸೇರದೆ ತುಂಬಿ ಹರಿದು ನೀರನ್ನು ತಾನೇ ಎಳೆದುಕೊಳ್ಳುವ ಪೈಪ್, ಎರಡನೆಯದರಲ್ಲಿ ಗೋಡೆಗಂಟಿದಂತೆ ತೆಳುವಾಗಿ ಇಳಿಯುವ ನೀರು, ಮೂರನೆಯದು ಒಣಗಿಯೇ ಇರುತ್ತದೆ. ಮೊದಲನೆಯದು ಕಟ್ಟಿಕೊಂಡರೆ ನೀರಿನ ಮಟ್ಟ ಒಂದಿಷ್ಟು ಏರಿ ಎರಡನೆಯದರ ಗಾಳಿ ಕೊಳವೆಯ ತುದಿ ಮುಳುಗುತ್ತದೆ. ಗಾಳಿ ನಿಂತ ಕೂಡಲೇ ಅದೂ ಸೈಫನ್ ಆಗಿ ಹೊರೆಯನ್ನು ಹೊರುತ್ತದೆ. ಎರಡೂ ಕೈಕೊಟ್ಟರೆ ಮೂರನೆಯದಿದೆ. ಎರಡನೆಯ ಮಹಡಿಯ ಮರದ ಕ್ಯಾಬಿನೆಟ್ ಮೇಲೆ ನಾನೂರು ಲೀಟರ್ ನೀರು ಇಡುವವನಿಗೆ ನಿದ್ದೆ ಬೇಕಾದರೆ ಇದೇ ಸರಿ ಎಂದು ಮೂರು ಪೈಪಿನದನ್ನೇ ಆರಿಸಿದೆ.

"ಆ ಮೂರನೇ ಪೈಪ್ ಯಾವಾಗಲೂ ಒಣಗಿರುತ್ತದಲ್ಲ ಸಾರ್, ಸುಮ್ಮನೆ ದಂಡ" ಎಂದಿದ್ದಿರಿ. ಅಂದು ನಕ್ಕು ಸುಮ್ಮನಾದೆ, ಉತ್ತರ ಈಗ ಕೊಡುತ್ತೇನೆ. ನಾನು ಹಿರಿಯೂರಿನ ಕಡೆಯವನು. ನಮ್ಮ ವಾಣಿವಿಲಾಸ ಸಾಗರ, ಊರಿನವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎಂಬತ್ತೊಂಬತ್ತು ವರ್ಷ ಆ ಕೋಡಿ ಒಣಗಿ ಬಿದ್ದಿತ್ತು. ದಂಡ ಎಂದು ಯಾರೂ ಅದನ್ನು ಮುಚ್ಚಿಸಲಿಲ್ಲ. ನೀರು ಬಂದ ದಿನ ಅದು ಯಾರ ಅಪ್ಪಣೆಗೂ ಕಾಯಲಿಲ್ಲ.

ಮುಂಗಡ ಕೊಟ್ಟ ದಿನದ ಚೀಟಿಯಲ್ಲಿ ನಿಮ್ಮದೇ ಅಕ್ಷರದಲ್ಲಿ "ಹಿಂದಿನ ಗಾಜು, 3 ತೂತು, 1 ಇಂಚು" ಎಂದಿದೆ. ನಕಲು ಲಗತ್ತಿಸಿದ್ದೇನೆ. ತೊಟ್ಟಿ ಬಂದಾಗ ಹಿಂದಿನ ಗಾಜಿನಲ್ಲಿ ಒಂದು ತೂತೂ ಇರಲಿಲ್ಲ. ಕೇಳಿದಾಗ "ಟಫನ್ಡ್ ಗಾಜು ಸಾರ್, ಕೊರೆದರೆ ಪುಡಿಯಾಗುತ್ತದೆ" ಎಂಬ ಉತ್ತರ ಬಂತು. ಮಾತು ನಿಜ. ಕಾಯಿಸಿ ಗಟ್ಟಿ ಮಾಡಿದ ಈ ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಹಲಗೆ ಚೂರುಚೂರಾಗುತ್ತದೆ. ಅದಕ್ಕಾಗಿಯೇ ಮೊದಲು ನೀರು ಬಿಡುತ್ತಾ ಡೈಮಂಡ್ ಬಿಟ್‌ನಿಂದ ತೂತು ಕೊರೆದು, ಆಮೇಲೆ ಗಾಜನ್ನು ಟಫನ್ ಮಾಡಲು ಕಳಿಸುವುದು. ಇಲ್ಲವೇ ಮಾಮೂಲಿ ಗಾಜನ್ನೇ ಬಳಸುವುದು. ಚೀಟಿ ಬರೆದದ್ದು ಗಾಜು ಕತ್ತರಿಸುವುದಕ್ಕೆ ಹನ್ನೆರಡು ದಿನ ಮೊದಲು. ಚೀಟಿಯನ್ನು ಓದದೆ ಗಾಜು ತರಿಸಿ, ಆ ತಪ್ಪಿಗೆ ಗಾಜಿನ ಗುಣವನ್ನೇ ನೆಪ ಮಾಡಿಕೊಂಡಿರಿ.

ಬದಲಿಗೆ ತೊಟ್ಟಿಯ ಹಿಂಬದಿಗೆ ಒಂದು ಅಕ್ರಿಲಿಕ್ ಡಬ್ಬಿ ನೇತುಹಾಕಿದಿರಿ. ಒಳಗೊಂದು ಬಟ್ಟಲು, ಹೊರಗೊಂದು ಬಟ್ಟಲು, ನಡುವೆ ಗಾಜಿನಂಚನ್ನು ದಾಟುವ ಬಾಗಿದ ಕೊಳವೆ. ಅದರೊಳಗಿನ ನೀರು ಸೈಫನ್‌ನಿಂದ ದಾಟುತ್ತದೆ. ಬಾಗಿನ ತುದಿಯಲ್ಲಿ ಸೇರುವ ಗಾಳಿಯನ್ನು ಹೀರಲು ಒಂದು ಪುಟ್ಟ ಪಂಪ್. "ಇದೂ ಅದೇ ಕೆಲಸ ಮಾಡುತ್ತದೆ" ಎಂದಿರಿ. ಮೀನುಗಳು ಚೀಲದಲ್ಲಿ ಕಾಯುತ್ತಿದ್ದವು. ಒಪ್ಪಿಕೊಂಡೆ. ನನ್ನ ತಪ್ಪು ಇಷ್ಟೇ ಎಂದು ಹೆಂಡತಿ ಹೇಳುತ್ತಾಳೆ, ನನಗೆ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ.

ಆ ಡಬ್ಬಿಯ ಅಂಚಿನ ಬಾಚಣಿಗೆ ಹಲ್ಲುಗಳ ಅಗಲ ಒಟ್ಟು ಆರು ಅಂಗುಲ. ಒಂದು ಅಂಗುಲದ ಅಂಚಿಗೆ ಗಂಟೆಗೆ ಸುಮಾರು 250 ಲೀಟರ್ ಎಂಬುದು ಈ ಹವ್ಯಾಸದವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಆರು ಅಂಗುಲಕ್ಕೆ 1500 ಆಯಿತು. ನೀವೇ ಕೊಟ್ಟ ಪಂಪ್ ಎತ್ತರದ ನಷ್ಟ ಕಳೆದೂ 2000 ಲೀಟರ್ ಎತ್ತುತ್ತದೆ. ಕೋಡಿ ಕಿರಿದಾದರೆ ನೀರು ಎತ್ತರ ಕಟ್ಟಿಕೊಂಡು ಹರಿಯುತ್ತದೆ, ಅದನ್ನು ಲೆಕ್ಕ ಹಾಕಲು ಎಂಜಿನಿಯರ್ ಬೇಕಿಲ್ಲ. ಹಾಗಾಗಿ ಗಾಜಿನ ಮೇಲಂಚಿಗೂ ನೀರಿಗೂ ಉಳಿದ ಅಂತರ ಬರೀ ಮೂರು ಸೆಂಟಿಮೀಟರ್.

ಎರಡು ವಾರಗಳ ಹಿಂದೆ ಆ ಬಾಗಿದ ಕೊಳವೆಯ ನೆತ್ತಿಯಲ್ಲಿ ಅಡಿಕೆ ಗಾತ್ರದ ಗಾಳಿಗುಳ್ಳೆಯೊಂದು ಕಂಡಿತು. ಮುಟ್ಟಿದರೆ ನಡುಗುತ್ತಿತ್ತು, ಆದರೆ ಕದಲುತ್ತಿರಲಿಲ್ಲ. ಹರಿವಿನ ಜೊತೆ ಸಾಗುವ ಪುಟ್ಟ ಗುಳ್ಳೆಗಳು ಬಂದು ಬಂದು ಅದರ ಹೊಟ್ಟೆ ಸೇರುತ್ತಿದ್ದವು. ಫೋಟೋ ತೆಗೆದು ನಿಮ್ಮ ವಾಟ್ಸ್ಆಪ್‌ಗೆ ಕಳಿಸಿದೆ. "ಅದು ಮಾಮೂಲಿ ಸಾರ್" ಎಂದು ನಿಮ್ಮ ಹುಡುಗ ಉತ್ತರಿಸಿದ. ನಾಲ್ಕು ದಿನದಲ್ಲಿ ಅದು ನಿಂಬೆಹಣ್ಣಿನಷ್ಟಾಯಿತು. ಮತ್ತೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ಈಗ ಬಿಚ್ಚಿ ನೋಡಿದರೆ, ಗಾಳಿ ಹೀರುವ ಪಂಪಿನ ಸಪೂರ ಕೊಳವೆಯ ಬಾಯಿಗೆ ಉಪ್ಪು ಹರಳುಗಟ್ಟಿ ಕೂತಿದೆ. ಸೂಜಿಯ ತುದಿಯೂ ಒಳಗೆ ಹೋಗುವುದಿಲ್ಲ.

ಶನಿವಾರ ರಾತ್ರಿ 12.40ಕ್ಕೆ ಕರೆಂಟ್ ಹೋಗಿ 1.15ಕ್ಕೆ ಬಂತು. ಬೆಂಗಳೂರಿನಲ್ಲಿ ಇದು ವಿಶೇಷವೇನೂ ಅಲ್ಲ, ತೊಟ್ಟಿ ಮಾರುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಮಾರಬೇಕು. ಹರಿವು ನಿಂತಾಗ ಕೊಳವೆಯ ಎರಡೂ ಕಾಲುಗಳಲ್ಲಿದ್ದ ಗಾಳಿಯೆಲ್ಲ ಮೇಲೇರಿ ನೆತ್ತಿಯಲ್ಲಿ ಒಂದಾಯಿತು, ನೀರಿನ ಎಳೆ ಕಡಿಯಿತು. ಕರೆಂಟ್ ಬಂದಾಗ ಪಂಪ್ ಎಂದಿನಂತೆ ಶುರುವಾಯಿತು, ಸೈಫನ್ ಶುರುವಾಗಲಿಲ್ಲ. ನಂತರದ್ದು ಬರೀ ಅಂಕಗಣಿತ. ತೊಟ್ಟಿಯ ನೆಲದಳತೆ 120ಕ್ಕೆ 60 ಸೆಂಟಿಮೀಟರ್, ಅಂದರೆ ಒಂದು ಸೆಂಟಿಮೀಟರ್ ನೀರೆಂದರೆ 7.2 ಲೀಟರ್. ಖಾಲಿ ಇದ್ದ ಮೂರು ಸೆಂಟಿಮೀಟರ್‌ಗೆ ಹಿಡಿಯುವುದು ಹೆಚ್ಚೆಂದರೆ 22 ಲೀಟರ್. ಸಂಪ್‌ನ ಪಂಪ್ ಖಾನೆಯ 40 ಲೀಟರ್ ಎರಡು ನಿಮಿಷದೊಳಗೆ ಮೇಲೇರಿ, ಗಾಜಿನಂಚು ದಾಟಿ ಸುರಿಯಿತು. ಖಾನೆ ಬರಿದಾದದ್ದನ್ನು ಕಂಡು, ಆವಿಯಾದ ನೀರನ್ನು ತುಂಬುವ ಸ್ವಯಂಚಾಲಿತ ಯಂತ್ರ ತನ್ನ 25 ಲೀಟರ್ ಉಪ್ಪಿಲ್ಲದ ಆರ್‌ಒ ನೀರನ್ನೂ ಅದಕ್ಕೇ ಸುರಿಯಿತು. ಅದೂ ಮೇಲೆ ಹೋಯಿತು. 65ರಲ್ಲಿ 22 ಕಳೆದರೆ 43 ಲೀಟರ್ ನೆಲಕ್ಕೆ. ಆಮೇಲೆ ಪಂಪ್ ನೀರಿಲ್ಲದೆ ಗಂಟೆಗೂ ಹೆಚ್ಚು ಕಾಲ ಒಣಗಿ ಓಡಿತು, ಈಗ ಅದರಿಂದ ಜಲ್ಲಿ ಅರೆಯುವ ಸದ್ದು ಬರುತ್ತಿದೆ.

ಜೀವಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಕಲ್ಲುಹವಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದರ ಗೊಡವೆಗೆ ನಾನು ಹೋಗಿಲ್ಲ. ಇರುವುದು ಎರಡು ಕ್ಲೌನ್ ಮೀನು, ಝೋವಾಂಥಿಡ್ ಒಂದಿಷ್ಟು, ನಾಲ್ಕು ಮಶ್ರೂಮ್; ಈ ಕೊನೆಯ ಎರಡೂ ಹವಳದ ಬಳಗದ ಮೆದು ಜೀವಿಗಳು. ನೀರಿನ ಲವಣಾಂಶ ಸಾವಿರಕ್ಕೆ 35ರಿಂದ 33ಕ್ಕೆ ಇಳಿದಿತ್ತು. ಮಶ್ರೂಮ್‌ಗಳು ಎರಡು ದಿನ ಒಣದ್ರಾಕ್ಷಿಯಂತೆ ಮುದುಡಿಕೊಂಡಿದ್ದು ಈಗ ಬಿಚ್ಚಿಕೊಳ್ಳುತ್ತಿವೆ. ಯಾವುದೂ ಸತ್ತಿಲ್ಲ. ಸಾಯದ್ದಕ್ಕೆ ಪರಿಹಾರ ಕೇಳುವವನು ನಾನಲ್ಲ. ಅವು ಉಳಿದದ್ದು ಮಾತ್ರ ಇನ್ವರ್ಟರ್‌ಗೆ ಜೋಡಿಸಿದ್ದ ಅಲೆಯ ಪಂಪಿನಿಂದ, ನಿಮ್ಮ ಡಬ್ಬಿಯಿಂದಲ್ಲ.

ಸೋಮವಾರ ಫೋನ್ ಮಾಡಿದಾಗ ನೀವು ಮುಂದಿಟ್ಟದ್ದು ಎರಡು ಪರಿಹಾರ: ವಾಪಸು ಪೈಪಿಗೆ ಒಂದು ನಾನ್ ರಿಟರ್ನ್ ವಾಲ್ವ್, ಮೇಲಿನ ತೊಟ್ಟಿಗೆ ಒಂದು ಫ್ಲೋಟ್ ಸ್ವಿಚ್, ಎರಡೂ ಉಚಿತ. ವಾಲ್ವ್‌ಗೂ ಈ ಅವಘಡಕ್ಕೂ ಸಂಬಂಧವೇ ಇಲ್ಲ. ಅದು ಕರೆಂಟ್ ಹೋದಾಗ ನೀರು ಹಿಂದಕ್ಕೆ ಇಳಿಯದಂತೆ ತಡೆಯಲು ಇರುವುದು, ಅದಕ್ಕೂ ಪಾಚಿ ಮತ್ತು ಸುಣ್ಣ ಕಟ್ಟಿದರೆ ಬಾಯಿ ಮುಚ್ಚುವುದಿಲ್ಲ. ಫ್ಲೋಟ್ ಸ್ವಿಚ್ ಒಳ್ಳೆಯದೇ, ಹಾಕಿಸಿಕೊಳ್ಳುತ್ತೇನೆ, ಆದರೆ ಓವರ್‌ಫ್ಲೋ ಜಾಗದಲ್ಲಿ ಅಲ್ಲ. ಗಾಳಿ ಹೀರಲು ಪಂಪ್, ಪಂಪ್ ನಿಲ್ಲಿಸಲು ಸ್ವಿಚ್, ಸ್ವಿಚ್ ಕೆಟ್ಟರೆ ಗಂಟೆ ಬಾರಿಸಲು ಇನ್ನೊಂದು ಪೆಟ್ಟಿಗೆ. ಕೆರೆಯ ಕೋಡಿಗೆ ಯಾರಾದರೂ ಸ್ವಿಚ್ ಇಟ್ಟಿದ್ದಾರೆಯೇ? ನಾನು ಹಣ ಕೊಟ್ಟದ್ದು, ಶುರುವಾಗಬೇಕಾದ ಅಗತ್ಯವೇ ಇಲ್ಲದ, ನೀರು ಏರಿದರೆ ತಾನಾಗಿ ಇಳಿಯುವ ದಾರಿಗೆ.

ಆದ್ದರಿಂದ ಹದಿನೈದು ದಿನಗಳೊಳಗೆ ಚೀಟಿಯಲ್ಲಿ ಬರೆದಂತೆ ಹಿಂದಿನ ಗಾಜಿಗೆ ಮೂರು ತೂತು ಕೊರೆದು, ಟ್ಯಾಂಕ್ ನಿಪ್ಪಲ್, ಗೇಟ್ ವಾಲ್ವ್ ಸಮೇತ ಮೂರು ಪೈಪ್ ಅಳವಡಿಸಿದ ಇದೇ ಅಳತೆಯ ತೊಟ್ಟಿಯನ್ನು ನಿಮ್ಮ ಖರ್ಚಿನಲ್ಲಿ ತಂದು ಕೂರಿಸಿಕೊಡಬೇಕು. ನೀರು ಬದಲಿಸುವ ದಿನ ಮೀನುಗಳನ್ನು ನಾನೇ ಡ್ರಮ್ಮಿನಲ್ಲಿ ನೋಡಿಕೊಳ್ಳುತ್ತೇನೆ. ಅದು ಆಗದಿದ್ದರೆ ತೊಟ್ಟಿ, ಡಬ್ಬಿ ಮತ್ತು ಜೋಡಣೆಗೆ ಪಡೆದ 86,000 ರೂಪಾಯಿ ವಾಪಸು ಕೊಡಿ. ಎರಡರಲ್ಲಿ ಯಾವುದಾದರೂ ಸರಿ, ಅದರ ಜೊತೆಗೆ ಕೆಳಮನೆಯ ಚಾವಣಿ ದುರಸ್ತಿಯ 11,500 ರೂಪಾಯಿ ಹಾಗೂ ಪಂಪಿನ ಬೆಲೆ ಕೊಡಬೇಕು. ಪ್ಲೈವುಡ್ ಉಬ್ಬಿ ಕ್ಯಾಬಿನೆಟ್ ಬಾಗಿಲು ಮುಚ್ಚುತ್ತಿಲ್ಲ, ಅದನ್ನು ನಾನೇ ಉಜ್ಜಿಸಿಕೊಳ್ಳುತ್ತೇನೆ.

ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ದೂರು ದಾಖಲಿಸುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ನಿವೃತ್ತನಿಗೆ ಸಮಯಕ್ಕೂ ಬರವಿಲ್ಲ.

ಅಳತೆಗೆ ಬರುವವರು ಸಂಜೆ ಐದರ ನಂತರ ಬರಲಿ. ಆ ಹೊತ್ತಿಗೆ ಕೆಳಮನೆಯವರೂ ಕೆಲಸದಿಂದ ಬಂದಿರುತ್ತಾರೆ. ಪಾತ್ರೆಯ ನೀರನ್ನು ಅವರು ಇನ್ನೂ ಚೆಲ್ಲಿಲ್ಲ, ನಿಮಗೆ ತೋರಿಸಬೇಕಂತೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಮುಂಗಡದ ಚೀಟಿ ಮತ್ತು ರಶೀದಿಯ ನಕಲು, ಗಾಳಿಗುಳ್ಳೆಯ ಎರಡು ಫೋಟೋ, ವಾಟ್ಸ್ಆಪ್ ಸಂದೇಶಗಳ ಪ್ರತಿ, ಚಾವಣಿ ದುರಸ್ತಿಯ ಅಂದಾಜು ಪಟ್ಟಿ.