ಅಕ್ಕಿ ಡಬ್ಬದಲ್ಲಿ ಚಿನ್ನ ಬೇಡ

ಆತ್ಮೀಯ ಕನ್ನಡ ಬಂಧುಗಳೇ,

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಇಂಗ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲು. ನಮ್ಮ ದೀಪಾವಳಿ, ರಾಜ್ಯೋತ್ಸವ ಬರುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಲಾಕರಿನಲ್ಲಿದ್ದ ಒಡವೆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಕಾರ್ಯಕ್ರಮಕ್ಕೆ ಹೊರಡುತ್ತಾರೆ. ಕಳ್ಳರಿಗೆ ಇನ್ನೇನು ಬೇಕು?

ಇಲ್ಲಿನ ಅಂಗಡಿಗಳಲ್ಲಿ 9 ಕ್ಯಾರೆಟ್ ಒಡವೆಯೇ ಜಾಸ್ತಿ. ನಮ್ಮದು 22 ಕ್ಯಾರೆಟ್, ಅದೂ ಗಟ್ಟಿ ಚಿನ್ನ. ಕರಗಿಸಿದರೆ ಗುರುತು ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಐದು ವರ್ಷಗಳಲ್ಲಿ ಏಷ್ಯಾ ಮೂಲದವರ ಸುಮಾರು 14 ಕೋಟಿ ಪೌಂಡ್ ಬೆಲೆಯ ಚಿನ್ನ ಕಳುವಾಗಿದೆ ಎಂದು 2019ರಲ್ಲಿ ಬಿಬಿಸಿ ವರದಿ ಮಾಡಿತ್ತು. ಆಗಿನ ಚಿನ್ನದ ದರಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು.

ಅಕ್ಕಿ ಡಬ್ಬ, ರೇಷ್ಮೆ ಸೀರೆಗಳ ಮಡಿಕೆ, ದೇವರ ಗೂಡು. ನಾವು ಎಲ್ಲಿಡುತ್ತೇವೆ ಅಂತ ನಮ್ಮ ಅತ್ತೆಗಿಂತ ಚೆನ್ನಾಗಿ ಕಳ್ಳರಿಗೆ ಗೊತ್ತು! ಹಲವು ಬ್ಯಾಂಕುಗಳು ಲಾಕರ್ ಕೊಡುವುದನ್ನು ನಿಲ್ಲಿಸಿರುವುದು ನಿಜ. ಆದರೆ ಲಂಡನ್ನಿನಂಥ ದೊಡ್ಡ ಊರುಗಳಲ್ಲಿ ಖಾಸಗಿ ಲಾಕರ್‌ಗಳಿವೆ. ಬಾಡಿಗೆ ಕೊಡಬೇಕು, ಕೊಡೋಣ. ವರ್ಷಕ್ಕೆರಡು ಸಲ ಹಾಕುವ ಸರ ಮನೆಯಲ್ಲೇ ಇರಬೇಕಾಗಿಲ್ಲ.

'ಇನ್ಶೂರೆನ್ಸ್ ಇದೆಯಲ್ಲ' ಎನ್ನುವವರು ಆ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ. ಮನೆ ಸಾಮಾನಿನ ಪಾಲಿಸಿಗಳಲ್ಲಿ ಒಂದೊಂದು ವಸ್ತುವಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಎಷ್ಟೋ ಕಡೆ ಅದು ಒಂದೆರಡು ಸಾವಿರ ಪೌಂಡ್ ಅಷ್ಟೇ. ಅದಕ್ಕಿಂತ ಬೆಲೆಬಾಳುವ ಬಳೆ, ಸರಗಳನ್ನು ಬೇರೆಯಾಗಿ ಹೆಸರಿಸಿ ಬರೆಸಬೇಕು. ಪ್ರತಿಯೊಂದರ ಫೋಟೋ, ರಸೀದಿ ಬೇಕು. ಮದುವೆಯಲ್ಲಿ ಅಜ್ಜಿ ಕೊಟ್ಟದ್ದಕ್ಕೆ ರಸೀದಿ ಎಲ್ಲಿಂದ ಬರಬೇಕು, ಅಲ್ವಾ? ಇಲ್ಲಿನ ಚಿನ್ನದಂಗಡಿಯಲ್ಲಿ ಬೆಲೆ ಕಟ್ಟಿಸಿ ಪತ್ರ ತೆಗೆದುಕೊಳ್ಳಿ. ದರ ಏರಿದಾಗ ಹೊಸದಾಗಿ ಕಟ್ಟಿಸಿ.

ಇನ್ನೊಂದು ಷರತ್ತು ನಮಗೆಂದೇ ಬರೆದ ಹಾಗಿದೆ. ಮನೆ ಸತತವಾಗಿ 30 ದಿನ, ಕೆಲವು ಪಾಲಿಸಿಗಳಲ್ಲಿ 60 ದಿನ, ಖಾಲಿ ಬಿದ್ದರೆ ಆಮೇಲಿನ ಕಳ್ಳತನಕ್ಕೆ ಹಣ ಸಿಗದೇ ಇರಬಹುದು. ಮಕ್ಕಳ ಬೇಸಿಗೆ ರಜೆಗೆ ಆರು ವಾರ ಬೆಂಗಳೂರು, ಮೈಸೂರು ಎಂದು ಹೊರಡುವವರು ಮೊದಲೇ ಕಂಪನಿಗೆ ಫೋನ್ ಮಾಡಿ ಕೇಳಿ.

ಬಾಗಿಲಿನ ಮಾತು. ಇಲ್ಲಿನ ಪ್ಲಾಸ್ಟಿಕ್ ಬಾಗಿಲುಗಳನ್ನು ಸುಮ್ನೆ ಎಳೆದುಕೊಂಡು ಹೋದರೆ ಸಾಲದು. ಹಿಡಿಕೆ ಮೇಲಕ್ಕೆತ್ತಿ ಬೀಗದ ಕೈ ತಿರುಗಿಸಬೇಕು. ಹಿತ್ತಲ ಬಾಗಿಲಿಗೂ ಅಷ್ಟೇ. ಹಳೇ ಬೀಗದ ಸಿಲಿಂಡರನ್ನು, ಅಂದರೆ ಬೀಗದ ಕೈ ಹಾಕುವ ಭಾಗವನ್ನು, ಕ್ಷಣದಲ್ಲಿ ಮುರಿಯುತ್ತಾರೆ. ಮುರಿಯದಂಥದ್ದು ಸಿಗುತ್ತದೆ, ಬದಲಾಯಿಸಿ. ಮನೆಗೆ ಬಂದಾಗ ಒಳಗೆ ಯಾರೋ ಇದ್ದಾರೆ ಅನ್ನಿಸಿದರೆ ಒಳಗೆ ಹೋಗಬೇಡಿ, ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಕಳ್ಳರು ಹೋದ ಮೇಲೆ ಗೊತ್ತಾದರೆ ಪೊಲೀಸರ ತುರ್ತಲ್ಲದ ಸಂಖ್ಯೆ 101. ಪೊಲೀಸರು ಕೊಡುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಇನ್ಶೂರೆನ್ಸಿನವರು ಕೇಳುವ ಮೊದಲ ಪ್ರಶ್ನೆಯೇ ಅದು.

ಹಾಗಂತ ರಾಜ್ಯೋತ್ಸವಕ್ಕೆ ಬೋಳು ಕತ್ತಿನಲ್ಲಿ ಬನ್ನಿ ಎನ್ನುತ್ತಿಲ್ಲ. ಹಾಕಿಕೊಂಡು ಬನ್ನಿ, ಕಾರಿಳಿಯುವಾಗ ಕೋಟಿನ ಗುಂಡಿ ಹಾಕಿರಿ. ಕುಟುಂಬವೆಲ್ಲ ಸಭಾಂಗಣದಲ್ಲಿದ್ದೇವೆ ಎಂಬ ಸೆಲ್ಫಿಯನ್ನು ಮಾತ್ರ ಮನೆಗೆ ಹೋದ ಮೇಲೆ ಹಾಕಿ. ನಮ್ಮ ಸಂಘದ ಪುಟದಲ್ಲೂ ಈ ಸಲ ಫೋಟೋಗಳು ಬರುವುದು ಮರುದಿನವೇ.

– ಸಂಪಾದಕ