ಅಪ್ಪನ ಪೆಟ್ಟಿಗೆಗಳು ಉಳಿದವು

ನಿನ್ನೆ ಸಂಜೆ ಕೊನೆಯ ಪೆಟ್ಟಿಗೆಯ ಸ್ಕ್ಯಾನ್ ಮುಗಿಯಿತು. 1961ರಲ್ಲಿ ಗಗಾರಿನ್ ಬಾಹ್ಯಾಕಾಶಕ್ಕೆ ಹಾರಿದ್ದರಿಂದ ಹಿಡಿದು 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ಒಕ್ಕೂಟದ ಸಲ್ಯೂಟ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ತನಕ ಅಪ್ಪ ಕತ್ತರಿಸಿಟ್ಟ ಕನ್ನಡ ಪತ್ರಿಕೆಯ ತುಣುಕುಗಳು, ಅಂಚೆಚೀಟಿಗಳು, ಅವರ ನೋಟ್‌ಬುಕ್ಕುಗಳು ಎಲ್ಲವನ್ನೂ ಇನ್ನು ಯಾರು ಬೇಕಾದರೂ ಓದಬಹುದು. ಮಳೆಗಾಲದ ಒಂದು ರಾತ್ರಿ ಮಳೆನೀರಿಗೆ ಈ ಪೆಟ್ಟಿಗೆಗಳು ನೆನೆದುಹೋಗಿದ್ದವು.

ಕಾರವಾರದ ಬೈತಖೋಲ ಬಂದರಿನ ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ಅಣ್ಣನ ಬಗ್ಗೆ ಹೇಳಲೇಬೇಕು. ಹೆಸರು ಹಾಕಬೇಡ ಅಂದಿದ್ದಾರೆ. ಆ ರಾತ್ರಿ ಯಾರೂ ಕರೆಯದೆ ಬಂದರು. ನೆನೆಯದೆ ಉಳಿದಿದ್ದನ್ನೆಲ್ಲ ಅಟ್ಟಕ್ಕೆ ಏರಿಸಿದರು. ಒದ್ದೆ ಕಾಗದಕ್ಕೆ ಎರಡು ದಿನದಲ್ಲೇ ಬೂಷ್ಟು ಹಿಡಿಯಬಹುದು, ಹೆಪ್ಪುಗಟ್ಟಿಸಿದರೆ ಅದು ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ನಿಧಾನ ಒಣಗಿಸಬಹುದು ಅಂತ ಧಾರವಾಡದ ಗ್ರಂಥಪಾಲಕಿ ಗೆಳತಿ ಫೋನಿನಲ್ಲಿ ಹೇಳುತ್ತಿದ್ದಳು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಅಣ್ಣ ಆಗಲೇ ತಮ್ಮ ಧಣಿಗೆ ಫೋನ್ ಹಚ್ಚಿದರು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ, ಒಂದು ಮೂಲೆ ಖಾಲಿ ಇತ್ತು.

ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ತೆಗೆದ ಮೂಲ ಫಿಲ್ಮುಗಳನ್ನು ಹ್ಯೂಸ್ಟನ್‌ನ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿ ಕಾಪಾಡಿದ್ದಾರೆ. ನಮ್ಮ ಬಂದರಿನ ಆ ಕೋಣೆಯೂ ಮೈನಸ್ 18. ಅಪ್ಪ ಇದ್ದಿದ್ದರೆ ಈ ಮಾತನ್ನು ಊರಿಗೆಲ್ಲ ಹೇಳಿ ಬರುತ್ತಿದ್ದರು.

ಬೆಳಗಿನ ಜಾವ 1984ರ ನೋಟ್‌ಬುಕ್ ಕೈಗೆ ಸಿಕ್ಕಿತು. ಅಪ್ಪನ ಶಾಯಿ ಹರಡಿ ಪುಟವೆಲ್ಲ ನೀಲಿ. ಅವರು ಹೋದ ದಿನ ಅಳದಿದ್ದವಳು ಆಗ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸಾಕು, ಎಲ್ಲ ಬಿಸಾಡೋಣ ಅಂದೆ. ಅಣ್ಣ ಆ ಪುಟವನ್ನೇ ನೋಡುತ್ತಿದ್ದರು. "ಮಾಸ್ತರು ಶಾಲೆಗೆ ತಂದು ತೋರಿಸಿದ್ದು ಇದೇ ಅಲ್ವಾ?" ಅಂದರು. ಅವರು ಅಪ್ಪನ ವಿದ್ಯಾರ್ಥಿ ಅಂತ ನನಗೆ ಗೊತ್ತೇ ಇರಲಿಲ್ಲ. ತಮ್ಮ ಹೊಸ ಪಂಚೆ ಹಾಸಿ, ಆ ಒಂದು ಪುಸ್ತಕವನ್ನು ಬೇರೆಯಾಗಿ ಸುತ್ತಿದರು. ಅರ್ಧ ಬರಹ ಈಗಲೂ ಓದಲು ಬರುತ್ತದೆ.

ಮನುಷ್ಯರು ಮೊದಲ ಸಲ ಚಂದ್ರನ ಮೇಲೆ ಇಳಿದ ಅಪೊಲೊ 11ರ ಮೂಲ ಟೆಲಿಮೆಟ್ರಿ ಟೇಪುಗಳು, ಅಂದರೆ ಅಲ್ಲಿಂದ ನೇರವಾಗಿ ಬಂದ ಚಿತ್ರ, ಮಾಹಿತಿ ತುಂಬಿದ್ದ ಟೇಪುಗಳು, ನಾಸಾದಲ್ಲೇ ಉಳಿಯಲಿಲ್ಲ. ಅಳಿಸಿ ಮತ್ತೆ ಬಳಸಿರಬೇಕು ಅಂತ 2009ರಲ್ಲಿ ಅವರೇ ತಿಳಿಸಿದರು. ಕೊನೆಗೆ ಟಿವಿ ಪ್ರಸಾರದ ಪ್ರತಿಗಳಿಂದಲೇ ಚಿತ್ರ ಸರಿಪಡಿಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹೀಗಾದರೆ, 1969ರ ಅಕ್ಟೋಬರ್‌ನಲ್ಲಿ ಅದರ ಯಾತ್ರಿಗಳಾದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮುಂಬೈಗೆ ಬಂದಾಗ ಕನ್ನಡ ಪತ್ರಿಕೆಗಳು ಏನು ಬರೆದವು ಅನ್ನುವುದನ್ನು ಯಾರು ಇಟ್ಟುಕೊಳ್ಳುತ್ತಾರೆ? ನಮ್ಮ ಮನೆಗಳೇ ಇಟ್ಟುಕೊಳ್ಳಬೇಕು.

ಸ್ಕ್ಯಾನರ್ ಕೊಟ್ಟ ಶಿರಸಿಯ ಗೆಳೆಯರಿಗೆ, ಹಾಳೆ ಹಾಳೆ ಬಿಡಿಸಿದ ಕಾಲೇಜು ಮಕ್ಕಳಿಗೆ, ಊಟ ಕಳಿಸಿದ ಅತ್ತಿಗೆಗೆ, ಧಾರವಾಡದ ಗೆಳತಿಗೆ, ಕೋಣೆ ಬಿಟ್ಟುಕೊಟ್ಟ ಧಣಿಗೆ ಮನಸಾರೆ ಥ್ಯಾಂಕ್ಸ್.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಿನ ಪತ್ರಿಕೆಗಳನ್ನು ಅಣ್ಣ ಎತ್ತಿಟ್ಟಿದ್ದಾರೆ. ಹೊಸ ಪೆಟ್ಟಿಗೆ ಅವುಗಳಿಂದ ಶುರು. ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ತುಣುಕುಗಳಿದ್ದರೆ ತನ್ನಿ, ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇನೆ. ಮಳೆ ಹಿಡಿಯುವ ಮುಂಚೆ ಬಂದರೆ ಒಳ್ಳೆಯದು.